ಫಾಸ್ಟಿಂಗ್ ಸತ್ಯಾಗ್ರಹ

ಕಾಲುವೆ ನೀರಿಗಾಗಿ ಸಿರುಗುಪ್ಪದ ರಸ್ತೆಯಲ್ಲಿ ಮೂರು ದಿನ ಅಡ್ಡ ಮಲಗಿದವನು ನಾನು. ಲಾಠಿಗೇ ಬಗ್ಗದ ಈ ಬೆನ್ನು ಚಿಟಿಕೆ ಸಕ್ಕರೆಗೆ ಬಗ್ಗುವುದೇ? ಸಾಧ್ಯವೇ ಇಲ್ಲ!

ಡಾಕ್ಟರು ಸಕ್ಕರೆ ಕಾಯಿಲೆ ಎಂದ ದಿನವೇ ನನ್ನ ಹೆಂಡತಿ ಸಾವಂತ್ರಮ್ಮ ನಮ್ಮ ಪಾರ್ವತಿನಗರದ ಮನೆಯಲ್ಲಿ ತುರ್ತು ಪರಿಸ್ಥಿತಿ ಹೇರಿದಳು. ದೇಶನೂರಿನ ಸೋನಾ ಮಸೂರಿ ಅನ್ನ ಉಂಡು ಬೆಳೆದ ಬಾಯಿಗೆ ಮೂರು ತಿಂಗಳಿಂದ ಬರೀ ಜೋಳದ ರೊಟ್ಟಿ, ಪುಂಡಿಪಲ್ಯ! ಕೊನೆಗೊಂದು ಬೆಳಿಗ್ಗೆ ಬಾಗಿಲ ಮುಂದಿನ ಕಟ್ಟೆಗೆ ಚಾಪೆ ಹಾಸಿ ಗುಡುಗಿದೆ: "ಅನ್ನ ಕೊಡೋತನಕ ಆಮರಣಾಂತ ಉಪವಾಸ!"

"ಬ್ಯಾಡ್ರಿ. ನಮ್ಮಣ್ಣ ಶುಗರ್ ಇದ್ದೂ ಹಿಂಗ ಹಟ ಮಾಡೇ ಕಾಲಿನ ಎರಡು ಬೆರಳು ಕಳಕೊಂಡ."

"ಮುಷ್ಟಿ ಕಟ್ಟಾಕ ಕೈಬೆರಳು ಸಾಕು!"

ಅವಳು ಒಳಗೆ ಹೋದಳು.

ಮಧ್ಯಾಹ್ನ ಕುರುಗೋಡಿನಿಂದ ಹಳೆಯ ಸಂಗಾತಿ ಗಾದೆಪ್ಪ ಬಂದ. ಕಂಕುಳಲ್ಲಿ ನಮ್ಮ ಹೋರಾಟದ ಹಳೇ ಬ್ಯಾನರಿನ ಸುರುಳಿ.

"ಅಣ್ಣ, ಬೆಂಬಲ ತಂದೀನಿ," ಎಂದು ಪಿಸುಗುಟ್ಟಿದ.

"ಬೆಂಬಲ ಬಿಸಿ ಐತೇನಲೇ?"

ಸುರುಳಿಯೊಳಗೆ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಬೆಲ್ಲ ಹಾಕಿದ, ತುಪ್ಪ ತೇಲುವ ಗೋಧಿ ಹುಗ್ಗಿ! ಅರ್ಧ ಬೆಂಬಲ ಕ್ಷಣದಲ್ಲಿ ಹೊಟ್ಟೆ ಸೇರಿತು. ಉಳಿದದ್ದನ್ನು ಬ್ಯಾನರಿನಲ್ಲಿ ಸುತ್ತಿಟ್ಟು ಸೊರಗಿದ ಮುಖ ಹೊತ್ತು ಕೂತೆ.

ತಾಸಿನ ಮೇಲೆ ಸಾವಂತ್ರಮ್ಮ ಶುಗರ್ ಮಷೀನ್ ಹಿಡಿದು ಬಂದಳು. "ಹೆಂಗೂ ಮುಂಜಾನಿಂದ ನೀರಷ್ಟೇ ಕುಡಿದೀರಿ. ಡಾಕ್ಟ್ರು ಫಾಸ್ಟಿಂಗ್ ಕೇಳ್ಯಾರ. ಕೊಡ್ರಿ ಆ ಮುಷ್ಟಿ ಕಟ್ಟೋ ಬೆರಳು."

ಚುಚ್ಚಿದಳು. ಮುನ್ನೂರ ಹನ್ನೆರಡು!

"ನನಗ ಗಾಳಿ ಕುಡಿದ್ರೂ ಏರ್ತೈತಿ!"

"ಗಾಳಿಯೊಳಗ ತುಪ್ಪದ ವಾಸನಿ ಐತಲ್ರೀ?"

ಗಾದೆಪ್ಪ ಗಾಬರಿಬಿದ್ದು ಬ್ಯಾನರ್ ಎತ್ತಿಕೊಂಡು ಓಡಲೆದ್ದ. ಸುರುಳಿ ಬಿಚ್ಚಿತು. ಡಬ್ಬಿ ಉರುಳಿ ಅವಳ ಕಾಲಿಗೇ ಶರಣಾಯಿತು. ಬ್ಯಾನರಿನ ಮೇಲೆ ಒಂದು ಕಾಲಕ್ಕೆ ನಾನೇ ಬರೆದ ಕೆಂಪಕ್ಷರ: 'ಮಾತಿಗೆ ತಪ್ಪಿದವರಿಗೆ ಧಿಕ್ಕಾರ!'

ಬೈಯುತ್ತಾಳೆಂದುಕೊಂಡೆ. ಅವಳು ಡಬ್ಬಿ ಎತ್ತಿ ಮುಚ್ಚಳ ಬಿಗಿದಳು. ನಾನೇ ಬಾಯಿ ಮಾಡಿದೆ: "ನೀ ಒಳಗ ಅನ್ನ ಉಣ್ಣಾಕಿ, ನಾ ರೊಟ್ಟಿ ಕಡಿಯಾಂವ. ಇದ್ಯಾವ ನ್ಯಾಯ?"

"ಅಕ್ಕಿ ಡ್ರಮ್ ನೋಡಿ ಬರ್ರಿ."

ಹೋಗಿ ಮುಚ್ಚಳ ತೆಗೆದೆ. ಡ್ರಮ್ಮಿನ ತುಂಬ ಉಳ್ಳಾಗಡ್ಡಿ!

"ನಿಮಗ ಅನ್ನ ಬಿಡಿಸಿದ ದಿನಾನ ನಾನೂ ಬಿಟ್ಟೀನಿ," ಎಂದಳು ಬೆನ್ನ ಹಿಂದಿನಿಂದ. "ಮೂರು ತಿಂಗಳಾತು. ನಾನೇನು ಪೆಂಡಾಲ್ ಹಾಕಿದ್ನೇನ್ರೀ?"