ಕಾಮಿಕ್ಸ್ ಗುರುಗಳೂ ನೀಲಿ ಪೆನ್ಸಿಲೂ

ವಾರಪತ್ರಿಕೆಯ ಕೊನೆಯ ಪುಟದಲ್ಲಿ ಹನ್ನೊಂದು ವರ್ಷದಿಂದ ಕಾಮಿಕ್ಸ್ ಬರೆಯುತ್ತಿದ್ದ ನಮ್ಮ ಚಿತ್ರಕಾರರು ಒಂದು ಸೋಮವಾರ ಹಲ್ಲುಜ್ಜುವ ಮೊದಲೇ ಘೋಷಿಸಿಬಿಟ್ಟರು: "ಇನ್ನು ನಾನು ಬರೀ ಚಿತ್ರಕಾರ ಅಲ್ಲ ಕಣೇ, ಗುರು. ಕಾಮಿಕ್ಸ್ ಬರೆಯೋದು ಹೇಗೆ ಅಂತ ಊರಿಗೆಲ್ಲ ಕಲಿಸ್ತೀನಿ."

"ಮೊದಲು ಮುಖ ತೊಳ್ಕೊಂಡು ಬನ್ನಿ ಗುರುಗಳೇ," ಎಂದರು ಹೆಂಡತಿ.

ಈ ಗುರುಪಟ್ಟ ತಾನಾಗಿ ಒಲಿದು ಬಂದದ್ದೇನಲ್ಲ. ನಿಮ್ಮ ಪುಟಕ್ಕೆ ಓದುಗರ ಪತ್ರ ಬಂದು ಎರಡು ವರ್ಷವಾಯಿತು, ಮುಂದಿನ ತಿಂಗಳಿಂದ ಅಲ್ಲಿ ಪದಬಂಧ ಹಾಕುತ್ತೇವೆ ಎಂದು ಸಂಪಾದಕರು ಹಿಂದಿನ ದಿನವೇ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಗೋಗರೆದ ಮೇಲೆ "ಕಾಮಿಕ್ಸ್ ಕಲಿಯಿರಿ" ಎಂಬ ಪಾಠಕ್ಕೆ ಒಂದೇ ಒಂದು ವಾರದ ಅವಕಾಶ ಸಿಕ್ಕಿತ್ತು. ಅದನ್ನೂ ಜನ ಓದದಿದ್ದರೆ ಪದಬಂಧವೇ ಗತಿ. ಗುರುಗಳು ಈ ಭಾಗವನ್ನು ಮಾತ್ರ ಹೆಂಡತಿಗೆ ಹೇಳಲಿಲ್ಲ.

ಆ ಮನೆಯಲ್ಲಿ ಕಾಮಿಕ್ಸ್ ಎಂದರೆ ಇಬ್ಬರ ಕೆಲಸ. ಅವರು ಚಿತ್ರ ಬಿಡಿಸಿ, ಮಾತಿನ ಗುಳ್ಳೆಗಳನ್ನು ಎಳೆದು ಕೊಡುತ್ತಿದ್ದರು. ಗುಳ್ಳೆಯೊಳಗಿನ ಮಾತನ್ನು ಹೆಂಡತಿ ತಮ್ಮ ದುಂಡಗಿನ ಅಕ್ಷರದಲ್ಲಿ ಮಸಿಯಿಂದ ತಿದ್ದುತ್ತಿದ್ದರು. ತಪ್ಪು ಕಂಡಲ್ಲಿ ತಿಳಿನೀಲಿ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿಡುತ್ತಿದ್ದರು. ಆ ನೀಲಿ ಅಚ್ಚುಮನೆಯ ಹಳೆಯ ಕ್ಯಾಮೆರಾಕ್ಕೆ ಕಾಣುವುದಿಲ್ಲವಾದ್ದರಿಂದ ಅಳಿಸುವ ರಗಳೆಯಿಲ್ಲ. ಹಾಗೆ ನೋಡಿದರೆ ಗಂಡನಿಗೂ ಅದು ಯಾವತ್ತೂ ಕಂಡಿರಲಿಲ್ಲ.

ಪಾಠ ಸಿದ್ಧವಾಯಿತು. ಗಿರಾಕಿಯೊಬ್ಬ ಅಂಗಡಿಯಲ್ಲಿ ಹೊಸ ಬೂಟು ಹಾಕಿ ನೋಡಿ, ಜಾರಿ ಬೀಳುವ ಕಥೆ. ಆರು ಚೌಕ, ಚೌಕಕ್ಕೊಂದು ಸೂತ್ರ. "ಮಾತು ಕಡಿಮೆ ಇರಲಿ" ಎಂಬ ಸೂತ್ರವನ್ನು ಗುರುಗಳು ಹದಿನಾಲ್ಕು ಸಾಲಿನಲ್ಲಿ ವಿವರಿಸಿದ್ದರು.

"ರೀ, ನೀಲಿಯಲ್ಲಿ ಒಂದಿಷ್ಟು ಬರೆದಿದ್ದೀನಿ. ಕಳಿಸೋ ಮುಂಚೆ ನೋಡಿ."

"ಗುರುವಿಗೇ ತಿರುಮಂತ್ರ ಹಾಕ್ತೀಯಾ? ಎಲ್ಲಾ ಸರಿಯಾಗೇ ಇದೆ," ಎಂದವರೇ ಪುಟವನ್ನು ಲಕೋಟೆಗೆ ಸೇರಿಸಿ, ಕಚೇರಿಗೆ ಹೋಗಿ ಕೊಟ್ಟು ಬಂದರು.

ಅದೇ ವಾರ ಅಚ್ಚುಮನೆಗೆ ಬಣ್ಣದ ಸ್ಕ್ಯಾನರ್ ಬಂದಿತ್ತು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಆ ಯಂತ್ರವೂ ಕಾಗದದ ಮೇಲಿನ ಒಂದು ಚುಕ್ಕೆಯನ್ನೂ ಬಿಡಲಿಲ್ಲ.

ಶನಿವಾರ ಪತ್ರಿಕೆ ಬಂತು. ಗುರುಗಳ ತಾಯಿ ಕನ್ನಡಕ ಏರಿಸಿಕೊಂಡು ಕೊನೆಯ ಪುಟ ತೆರೆದವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಹನ್ನೊಂದು ವರ್ಷಕ್ಕೆ ಇವತ್ತು ನಗು ತರಿಸಿದೆ ಕಣೋ, ನನ್ನಪ್ಪ."

ಮಗ ಉಬ್ಬಿಹೋಗಿ ಪುಟ ಕಸಿದುಕೊಂಡರು. ಮೊದಲ ಚೌಕದ ಪಕ್ಕದಲ್ಲಿ ನೀಲಿಯಲ್ಲಿ, "ಈ ಕೈಗೆ ಆರು ಬೆರಳು. ಇವನಿಗೆ ಬೂಟು ಯಾಕೆ, ಕೈಗವಸು ಹೊಲಿಸಿ." ಮೂರನೆಯದರಲ್ಲಿ, "ಈಗ ತಾನೇ ಮೀಸೆ ಇತ್ತು. ಬೀಳೋದರೊಳಗೆ ಬೋಳಿಸಿಕೊಂಡನಾ?" ಹದಿನಾಲ್ಕು ಸಾಲಿನ ಕೆಳಗೆ, "ಇದನ್ನ ಮೊದಲು ಮನೇಲಿ ಪಾಲಿಸಿ." ಕೊನೆಯ ಚೌಕದಲ್ಲಿ, "ಇಲ್ಲಿ ನಗಬೇಕು ಅಂತ ಬರೆದುಬಿಡಿ. ಇಲ್ಲದಿದ್ರೆ ಯಾರಿಗೂ ಗೊತ್ತಾಗಲ್ಲ."

"ನನ್ನ ಮಾನ ಮೂರು ಕಾಸಿಗೆ ಹರಾಜಾಯ್ತಲ್ಲೇ."

"ನೋಡಿ ಕಳಿಸಿ ಅಂದೆ. ನೋಡಿದ್ರಾ?"

ಗುರುಗಳು ಕುರ್ಚಿಯಲ್ಲಿ ಕುಸಿದು, ಪದಬಂಧದ ಸಂಗತಿಯನ್ನು ಹೊರಹಾಕಿದರು. ಹೆಂಡತಿಯ ಮುಖ ಬಾಡಿತು. "ಹನ್ನೊಂದು ವರ್ಷ ನಾನೂ ಆ ಪುಟಕ್ಕೆ ಕೈ ಸವೆಸಿದ್ದೀನಿ. ನಂಗೊಂದು ಮಾತು ಹೇಳಬಾರದಿತ್ತಾ?" ಗುರುಗಳಿಗೆ ನಿಜವಾಗಿಯೂ ನಾಚಿಕೆಯಾಯಿತು.

ಬುಧವಾರ ಸಂಪಾದಕರ ಫೋನು ಬಂತು. ಬೈಗುಳ ತಿನ್ನಲು ಸಿದ್ಧರಾಗಿಯೇ ಗುರುಗಳು ಕಿವಿಗೊಟ್ಟರು.

"ನೂರ ನಲವತ್ತು ಪತ್ರ ಬಂದಿವೆ ಮಾರಾಯರೇ. ನಿಮ್ಮ ಪುಟ ಉಳೀತು. ಇನ್ಮೇಲೆ ಪಾಠ ನಿಮ್ಮ ಮನೆಯವರೇ ಹೇಳಲಿ, ನೀಲಿಯಲ್ಲೇ. ಚಿತ್ರ ನಿಮ್ಮದೇ ಇರಲಿ. ತಪ್ಪಿಗೆ ಮಾತ್ರ ಕೊರತೆ ಆಗದ ಹಾಗೆ ನೋಡ್ಕೊಳ್ಳಿ."

ಪುಟ ಉಳಿದದ್ದೇ ಪುಣ್ಯವೆಂದು ಅವರು ಇಡೀ ದಿನ ಮೇಜಿಗೆ ಅಂಟಿಕೊಂಡು ಕೂತರು. ಒಂದು ಕೈಗೆ ಏಳು ಬೆರಳು ಹಾಕಿದರು. ಬಾಗಿಲನ್ನು ಗೋಡೆಯ ನಡುವೆ ತೇಲಿಬಿಟ್ಟರು. ಹಾಸ್ಯವನ್ನು ಮೊದಲ ಚೌಕದಲ್ಲೇ ಮುಗಿಸಿ, ಉಳಿದ ಐದರಲ್ಲಿ ಗಿರಾಕಿಯನ್ನು ಸುಮ್ಮನೆ ನಿಲ್ಲಿಸಿದರು. ಪುಟವನ್ನು ಹೆಂಡತಿಯ ಮುಂದಿಟ್ಟು ಶಿಷ್ಯನಂತೆ ಕೈಕಟ್ಟಿ ನಿಂತರು.

ಆಕೆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಒಂದು ಗೆರೆಯನ್ನೂ ಎಳೆಯದೆ ವಾಪಸ್ಸು ಕೊಟ್ಟರು.

"ಯಾಕೇ, ತಪ್ಪು ಸಾಲದಾ?"

"ಬೇಕಂತ ಮಾಡಿದ ತಪ್ಪು ಕಣ್ರೀ ಇದು, ನಗು ಬರಲ್ಲ. ನೀವು ಎಂದಿನ ಹಾಗೆ ಮನಸ್ಸಿಟ್ಟು ಸರಿಯಾಗಿ ಬರೀರಿ. ಮಿಕ್ಕಿದ್ದು ತಾನಾಗೇ ಆಗುತ್ತೆ."