ಪಸಡೀನಾದ ಫ್ರೆಂಚ್ ರಾಜ

ನಾಟಕದವರು ಪಕ್ಕದ ಮನೆಯಲ್ಲಿದ್ದರೆ ನಗೋದಕ್ಕೆ ಏನಾದರೂ ಒಂದು ನಡೀತಾನೇ ಇರುತ್ತದೆ. ನಕ್ಕಾದ ಮೇಲೆ ಯಾಕೋ ಪಾಪ ಅನ್ನಿಸುತ್ತದೆ, ಅಷ್ಟೇ. ಪಸಡೀನಾದಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಪ್ಯಾರಿಸ್ಸಿನ ನಾಟಕ ನಿರ್ದೇಶಕರು. ಅಲ್ಲಿ ರಾಜರ ಪಾತ್ರಕ್ಕೆ ಹೆಸರಾಗಿದ್ದವರು, ವಯಸ್ಸಾದ ಮೇಲೆ ಸಿನಿಮಾ ಆಸೆಗೆ ನಮ್ಮೂರಿನ ಪಕ್ಕದ ಲಾಸ್ ಏಂಜಲೀಸಿಗೆ ಬಂದಿದ್ದರು. ಮೈಸೂರಿನ ಕಾಲೇಜಿನಲ್ಲಿ ನಾಟಕ ಆಡುತ್ತಿದ್ದೆ ಅಂತ ಒಮ್ಮೆ ಬೇಲಿ ಈಚೆಯಿಂದ ಬಾಯಿ ಬಿಟ್ಟೆ. ರಿಟೈರಾಗಿ ಸುಮ್ಮನಿದ್ದ ಇಂಜಿನಿಯರ್ ನಾನು ಮರುವಾರವೇ ಅವರು ಇಲ್ಲಿ ಕಟ್ಟಿದ್ದ ಸಣ್ಣ ತಂಡದಲ್ಲಿ ರಾಣಿ.

ಮೌನ

ಮುದಿ ರಾಜನ ನಾಟಕ. ರಾಜ ಅವರೇ. ಇನ್ನೇನು ಪ್ರದರ್ಶನ ಅನ್ನುವಾಗ ಲಾಕ್‌ಡೌನ್. "ನಿಲ್ಲಿಸೋದು ಬೇಡ ಮದಾಂ" ಅಂತ ಝೂಮಿನಲ್ಲೇ ರಿಹರ್ಸಲ್ ಶುರು ಮಾಡಿದರು.

ನನಗೆ ಯಾವಾಗಲೂ ಒಂದೇ ಬೈಗುಳ: "ಮಾತಿನ ಮಧ್ಯೆ ಸ್ವಲ್ಪ ನಿಲ್ಲಿ! ರೈಲು ಹಿಡಿಯೋರ ಹಾಗೆ ಓಡ್ತೀರಲ್ಲ!"

ಒಂದು ದಿನ, ರಾಣಿ ಮಗ ಸತ್ತ ಸುದ್ದಿ ಕೇಳುವ ದೃಶ್ಯ ಮುಗಿದಾಗ, ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಂಥ ಮೌನ! ರೆಪ್ಪೆ ಕೂಡ ಅಲುಗಲಿಲ್ಲ. ಅದನ್ನೇ ಇನ್ನೊಮ್ಮೆ ಮಾಡಿ."

ಹೇಗೆ ಮಾಡಲಿ? ಅದು ನಮ್ಮ ಮನೆ ವೈಫೈ ಮಾಡಿದ್ದು.

ಆಡಿಷನ್

ಆ ನಾಟಕ ಕೊನೆಗೂ ಸ್ಟೇಜ್ ಹತ್ತಲಿಲ್ಲ. ಮುಚ್ಚಿದ ಹಾಲ್ ಮತ್ತೆ ತೆರೆಯಲಿಲ್ಲ, ತಂಡದವರು ಒಬ್ಬೊಬ್ಬರಾಗಿ ಊರು ಬಿಟ್ಟರು. ಆಮೇಲೊಮ್ಮೆ ಸಿನಿಮಾದಲ್ಲಿ ಫ್ರೆಂಚ್ ವೇಟರ್ ಪಾತ್ರಕ್ಕೆ ಕರೆ ಬಂತು. ರಾಜನಾಗಿದ್ದವರು ತಟ್ಟೆ ಹಿಡಿಯೋದಾ ಅಂತ ನನಗೇ ಬೇಜಾರು. ಅವರು ಮಾತ್ರ ಸೂಟಿಗೆ ಇಸ್ತ್ರಿ ಹಾಕಿಕೊಂಡು ಹೊರಟರು. ಡ್ರೈವ್ ಮಾಡಿದ್ದು ನಾನು.

ಹೊರಬಂದಾಗ ಮುಖ ಸಪ್ಪಗಿತ್ತು.

"ಏನಾಯ್ತು?"

"ನನ್ನ ಇಂಗ್ಲಿಷು ಸಾಕಷ್ಟು ಫ್ರೆಂಚಾಗಿಲ್ಲವಂತೆ."

ಮನೆ ಹತ್ತಿರ ಬಂದಾಗ ಹೇಳಿದರು: "ಟೆಕ್ಸಾಸಿನ ಹುಡುಗನಿಗೆ ಸಿಕ್ತು. ಪಾಪ, ಅವನಿಗೆ ಫ್ರೆಂಚಿನ ಒಂದು ಪದವೂ ಬರಲ್ಲ. ಆದ್ರೆ ಅವನ ಮಾತು ಕೇಳಿ ನನಗೇ ನಮ್ಮೂರು ನೆನಪಾಯ್ತು."

ರಾಜನ ಸಾವು

ಮತ್ತೆ ಯಾರೂ ಕರೆಯಲಿಲ್ಲ. ಅವರು ಪೋರ್ಟಿಕೋದಲ್ಲಿ ಒಬ್ಬರೇ ಕೂತಿರೋದನ್ನು ನೋಡಲಾರದೆ, ಸ್ಯಾನ್ ಡಿಯಾಗೋದ ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮದಲ್ಲಿ ಸಣ್ಣದೊಂದು ಅವಕಾಶ ಕೇಳಿದೆ. ಮುದಿ ರಾಜನ ಸಾವಿನ ದೃಶ್ಯ ಮಾತ್ರ. ಮಾತೆಲ್ಲ ರಾಣಿಯದು, ಕನ್ನಡದಲ್ಲಿ; ಅವರದು ಬರೀ ಸಾಯುವ ಕೆಲಸ.

ಪರದೆ ಸರಿಯಿತು. ರಾಜರು ಎದೆ ಹಿಡಿದುಕೊಂಡು ಎದ್ದರು, ತೂರಾಡಿದರು, ಸಿಂಹಾಸನದ ಬುಡದಲ್ಲಿ ಕುಸಿದರು. ಹಣೆ ತುಂಬ ಬೆವರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಿಂದ ದಡದಡ ಸದ್ದು. ನಮ್ಮವರಲ್ಲಿ ಡಾಕ್ಟರುಗಳಿಗೇನು ಕಮ್ಮಿಯೇ? ಒಬ್ಬರು ಕಿರೀಟ ತೆಗೆದರು, ಇನ್ನೊಬ್ಬರು ನಿಲುವಂಗಿಯ ಗುಂಡಿ ಬಿಚ್ಚಿದರು, ಹುಬ್ಬಳ್ಳಿ ಕಡೆಯ ಹೃದಯದ ಡಾಕ್ಟರು ನಾಡಿ ಹಿಡಿದರು.

ರಾಜರು ಒಂದೇ ಕಣ್ಣು ತೆರೆದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು: "ದಯವಿಟ್ಟು ಹೋಗಿ. ನಾನು ಸಾಯ್ತಾ ಇದ್ದೀನಿ."

"ಅದಕ್ಕೇ ಬಂದೀವ್ರಿ, ಸುಮ್ನ ಮಲಕೋರಿ!" ಡಾಕ್ಟರು ಗಾಬರಿಯಲ್ಲಿ ಕನ್ನಡದಲ್ಲೇ ಗದರಿದರು.

"ಡಾಕ್ಟ್ರೇ, ಇದು ನಾಟಕ!" ಅಂತ ನಾನು ಕೂಗಿದೆ. ಹಾಲ್‌ಗೆ ಹಾಲೇ ನಗುತ್ತಿತ್ತು. ಡಾಕ್ಟರು ನಗಲೂ ಇಲ್ಲ, ಹಿಡಿದ ಕೈ ಬಿಡಲೂ ಇಲ್ಲ.

"ನಾಟಕ ಇರಬೌದ್ರೀ ಅಕ್ಕಾರ. ನಾಡಿ ಮಾತ್ರ ಖರೇನ ಸರಿ ಇಲ್ಲ."

ಆಸ್ಪತ್ರೆಗೆ ಸೇರಿಸಿದೆವು, ಜೀವ ಉಳಿಯಿತು. ಇನ್ನು ಸ್ಟೇಜ್ ಹತ್ತುವ ಹಾಗಿಲ್ಲ ಅಂದರು ಅಲ್ಲಿನ ಡಾಕ್ಟರು. ಅವರ ಮಗಳು ಬಂದು ಫ್ರಾನ್ಸಿಗೆ ಕರೆದುಕೊಂಡು ಹೋದಳು.

ಮೊನ್ನೆ ಫೋನ್ ಮಾಡಿದ್ದರು. ಹೇಗಿದ್ದೀರಿ ಅಂದೆ.

"ಬದುಕಿದ್ದೀನಿ ಮದಾಂ" ಅಂತ ನಿಟ್ಟುಸಿರು ಬಿಟ್ಟರು. "ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಸತ್ತಿರಲಿಲ್ಲ. ಪೂರ್ತಿ ಮಾಡೋಕೆ ನಿಮ್ಮ ಜನ ಬಿಡಲಿಲ್ಲ."