ಲಾರಿ ತುಂಬಿದ ದಿನ

ಮೂವರು ಕೂಡಿ ಒಂದು ಕೆಲಸಕ್ಕೆ ಕೈ ಹಾಕಿದಲ್ಲೆಲ್ಲ ಇಂಥವು ನಡೆಯುತ್ತಲೇ ಇರುತ್ತವೆ. ನೋಡಿ ನಗಲು ನಾಲ್ಕನೆಯವನೊಬ್ಬ ಬೇಕು. ಶಿರಸಿಯ ಹುಬ್ಬಳ್ಳಿ ರಸ್ತೆಯ ಶೆಡ್ಡಿನಲ್ಲಿ ಆ ನಾಲ್ಕನೆಯವನು ನಾನು. ಆದರೆ ನನಗೆ ನಗು ಪೂರ್ತಿ ಬರುತ್ತಿರಲಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಬ್ಬೊಬ್ಬರು ಟ್ರಾನ್ಸ್‌ಪೋರ್ಟ್ ಸಾಹುಕಾರರು. ಮೂವರ ಲಾರಿಗಳೂ ಹುಬ್ಬಳ್ಳಿಗೆ ಅರ್ಧ ಖಾಲಿಯೇ ಹೋಗುತ್ತಿದ್ದವು. ಅಷ್ಟರಲ್ಲಿ ದೊಡ್ಡ ಪಾರ್ಸೆಲ್ ಕಂಪನಿಯೊಂದು ಬಂತು, ಗಿರಾಕಿಗಳು ಅತ್ತ ಜಾರತೊಡಗಿದರು. ಸಿದ್ದಾಪುರದವರು ಮೊಬೈಲಿನಲ್ಲಿ ಏನೋ ನೋಡಿಕೊಂಡು ಬಂದು, "ಯುರೋಪಿನಲ್ಲಿ ಎದುರಾಳಿಗಳೇ ಸೇರಿ ಒಂದೇ ಶೆಡ್ಡು, ಒಂದೇ ಲಾರಿ ಮಾಡ್ತ್ವಡ. ನಾವೂ ಮಾಡನ" ಎಂದರು.

ಮೂವರೂ ತಂತಮ್ಮ ಗುಮಾಸ್ತರನ್ನು ಬಿಡಿಸಿ, ನನ್ನೊಬ್ಬನನ್ನೇ ಮ್ಯಾನೇಜರ್ ಮಾಡಿದರು. ಯುಗಾದಿಯೊಳಗೆ ಒಮ್ಮೆಯಾದರೂ ಲಾರಿ ಭರ್ತಿಯಾಗಿ ಹೊರಡದಿದ್ದರೆ ಶೆಡ್ಡು ಮುಚ್ಚುವುದೆಂದು ಮಾತಾಯಿತು. ಮುಚ್ಚಿದರೆ ಒಂದೇ ದಿನ ಮೂರು ಕಡೆ ಕೆಲಸ ಕಳೆದುಕೊಳ್ಳುವ ಯೋಗ ನನ್ನದು. ಐವತ್ತು ದಾಟಿದವನನ್ನು ನಾಲ್ಕನೆಯ ಕಡೆ ಯಾರು ಕರೆಯುತ್ತಾರೆ? ಲಾರಿ ತುಂಬಿದ ದಿನ ಒಡೆಯುತ್ತೇನೆಂದು ಹರಕೆ ಹೊತ್ತು, ಒಂದು ತೆಂಗಿನಕಾಯಿ ತಂದು ಗಣಪತಿ ಪಟದ ಕೆಳಗೆ ಇಟ್ಟೆ.

ಮೂರು ಬೀಗ

ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿಲ್ಲದ್ದರಿಂದ ಬಾಗಿಲಿಗೆ ಮೂರು ಬೀಗ ಬಿದ್ದವು. ಮೊದಲ ದಿನವೇ ಸಿದ್ದಾಪುರದವರು ಕೀಲಿ ಮನೆಯಲ್ಲಿ ಮರೆತು ಬಂದರು. ಲಾರಿ ಹೊರಗೆ, ಅಡಿಕೆ ಚೀಲಗಳು ಒಳಗೆ. ನಮ್ಮ ಕಡೆ ಔಷಧದಿಂದ ಹಿಡಿದು ಜಾತಕದವರೆಗೆ ಎಲ್ಲವನ್ನೂ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುವುದು ರೂಢಿ. ಕೀಲಿಯೂ ಹಾಗೇ ಬಂತು.

ಕಂಡಕ್ಟರ್ ಕೀಲಿ ಕೊಡುತ್ತ, "ಎಲ್ಲಿದು?" ಎಂದ.

"ಸಾಮಾನು ಸಾಗಿಸುವ ಕಂಪನಿಯದು" ಎಂದೆ. ಅವನು ಒಮ್ಮೆ ನನ್ನನ್ನು, ಒಮ್ಮೆ ಕೀಲಿಯನ್ನು ನೋಡಿ ಸೀಟಿ ಊದಿದ.

ಹಲ್ಲುನೋವು

ಶೆಡ್ಡಿನೊಳಗೆ ಪ್ರತಿಯೊಬ್ಬರೂ ತಮ್ಮ ಸಾಮಾನಿಗೆ ತಾಡಪಾಲು ಹೊದಿಸುತ್ತಿದ್ದರು. ತನ್ನ ಗಿರಾಕಿ ಯಾರೆಂದು ಉಳಿದಿಬ್ಬರಿಗೆ ತಿಳಿಯಬಾರದಲ್ಲ! ಒಂದು ದಿನ ಸಿದ್ದಾಪುರದವರು ತಮ್ಮ ಕಡೆಯ ತ್ಯಾಗಲಿ ಎಂಬ ಹಳ್ಳಿಯಿಂದ ಬಂದ ಪೆಟ್ಟಿಗೆಗಳಿಗೆ ಎರಡೆರಡು ತಾಡಪಾಲು ಬಿಗಿದು ಊಟಕ್ಕೆ ಹೋದರು. ಎರಡು ತಾಡಪಾಲು ಎಂದರೆ ದೊಡ್ಡ ಗಿರಾಕಿಯೇ ಇರಬೇಕು. ಉಳಿದಿಬ್ಬರೂ ತುದಿ ಎತ್ತಿ ಒಳಗೆ ನುಗ್ಗಿದರು. ನಾನು ಬೇಡವೆನ್ನುವಷ್ಟರಲ್ಲಿ ಒಂದು ಪೆಟ್ಟಿಗೆಯ ಬಾಯಿಗೆ ತುರುಕಿದ್ದ ಬಟ್ಟೆಯನ್ನು ಎಳೆದಾಗಿತ್ತು.

ಒಳಗಿದ್ದದ್ದು ಜೇನುಹುಳ.

ಸಿದ್ದಾಪುರದವರು ಊಟ ಮುಗಿಸಿ ಬಂದಾಗ ಇಬ್ಬರ ಕೆನ್ನೆಗಳೂ ಹಲಸಿನಕಾಯಿ.

"ಎಂತ ಆಜು?"

"ಹಲ್ಲುನೋವು ಮಾರಾಯ್ರೆ" ಎಂದರು ಶಿರಸಿಯವರು.

"ನಂದೂ ಹಲ್ಲೇ ರೀ" ಎಂದರು ಯಲ್ಲಾಪುರದವರು.

ಸಿದ್ದಾಪುರದವರು ನನ್ನತ್ತ ತಿರುಗಿ, "ಇಬ್ಬರಿಗೂ ಒಂದೇ ಹಲ್ಲನಾ?" ಎಂದರು. ಸಹಕಾರ ಶುರುವಾದ ಮೇಲೆ ಅವರು ನಿಜವಾಗಿ ಹಂಚಿಕೊಂಡದ್ದು ಅದೊಂದನ್ನೇ.

ಕಂಡಕ್ಟರನ ಸಲಹೆ

ಲಾರಿ ತುಂಬಲು ಕಾಯುತ್ತಿತ್ತು. 'ಮೊದಲು ಅವರದು ಬರಲಿ' ಎಂದು ಮೂವರೂ ಹೇಳುತ್ತಿದ್ದರು. ಗಿರಾಕಿಗಳು ಬೈಯತೊಡಗಿದ ಮೇಲೆ ಅರ್ಧ ಖಾಲಿ ಲಾರಿಯನ್ನೇ ಕಳಿಸುವುದು. ನನಗೆ ಊಟ ರುಚಿಸುತ್ತಿರಲಿಲ್ಲ. ಕಾಯಿಯನ್ನು ಅಲ್ಲಾಡಿಸಿ ನೋಡಿದರೆ ನೀರಿನ ಸದ್ದು ದಿನದಿನಕ್ಕೆ ಕಡಿಮೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನೋಡುತ್ತೇನೆ, ಹುಬ್ಬಳ್ಳಿ ಬಸ್ಸಿನ ಮುಂದೆ ಮೂವರೂ ನಿಂತಿದ್ದಾರೆ. ಒಬ್ಬರ ಕೈಯಲ್ಲಿ ಏಲಕ್ಕಿ ಚೀಲ, ಒಬ್ಬರ ಹೆಗಲ ಮೇಲೆ ಕಾಳುಮೆಣಸು, ಇನ್ನೊಬ್ಬರ ಕಾಲ ಬಳಿ ಕೋಕಂ ಡಬ್ಬಗಳು. ಅವಸರದ ಮಾಲನ್ನು ಮೂವರೂ ಕದ್ದುಮುಚ್ಚಿ ಬಸ್ಸಿಗೆ ಹಾಕುತ್ತಿದ್ದರು! ಕೀಲಿ ತಂದಿದ್ದ ಅದೇ ಕಂಡಕ್ಟರ್ ರೇಗಿಬಿಟ್ಟ:

"ದಿನಾ ಇದೇ ಆಯ್ತಲ್ಲ! ಮೂರೂ ಜನ ಸೇರಿ ಒಂದು ಲಾರಿ ಮಾಡ್ಕೊಳ್ಳಿ ಮಾರಾಯ್ರೆ!"

ಭರ್ತಿ

ಯುಗಾದಿ ಬಂತು, ಹೋಯಿತು. ಶೆಡ್ಡು ಮುಚ್ಚುವುದೆಂದಾಯಿತು. ನನಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ; ಬೋರ್ಡು ಇಳಿಸಲು ಏಣಿ ಹಿಡಿದುಕೊಳ್ಳಿ ಎಂದಾಗ ನನಗೇ ತಿಳಿಯಿತು.

ಸಾಮಾನು ವಾಪಸು ಒಯ್ಯಲು ಮೂರು ಲಾರಿ ಯಾಕೆ, ಒಂದೇ ಸಾಕು ಎಂದರು. ಮೇಜು, ಬೆಂಚು, ತೂಕದ ಯಂತ್ರ, ಬೋರ್ಡು, ಬೀಗ ಎಲ್ಲ ಹತ್ತಿದವು. ಯಲ್ಲಾಪುರದವರ ಬೆಂಚಿಗೆ ಶಿರಸಿಯವರು ಕೈ ಕೊಟ್ಟರು, ಶಿರಸಿಯವರ ಕಪಾಟಿಗೆ ಸಿದ್ದಾಪುರದವರು ಹೆಗಲು ಕೊಟ್ಟರು. ಜಗಳವೇ ಇಲ್ಲ. ಎಲ್ಲದರ ಮೇಲೂ ಸೇರಿ ಒಂದೇ ತಾಡಪಾಲು. ನೋಡುತ್ತ ನಿಂತವನಿಗೆ ಅಳು ಬಂತು.

ಡ್ರೈವರ್ ಹಿಂದೆ ಹೋಗಿ ಹಗ್ಗ ಬಿಗಿದು, ಖುಷಿಯಿಂದ ಕೂಗಿದ: "ಮ್ಯಾನೇಜರ್ರೇ, ಲಾರಿ ಭರ್ತಿ! ನಿಮ್ಮ ಕಾಯಿ ಒಡೀರಿ!"

ಹರಕೆ ಹರಕೆಯೇ. ಒಡೆದೆ. ಒಂದು ಹನಿ ನೀರಿಲ್ಲ, ಒಳಗೆಲ್ಲ ಕೊಬ್ಬರಿ. ಮೂವರೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು, ಭುಜಕ್ಕೆ ಭುಜ ತಾಗಿಸಿ ಕ್ಯಾಬಿನ್ನಿನಲ್ಲಿ ಕೂತರು.

"ಪೇಟೆಯವರೆಗೆ ನಾನೂ ಬರಲೇ?" ಎಂದು ಕೇಳಿದೆ.

ಡ್ರೈವರ್ ಎದೆಯುಬ್ಬಿಸಿ ಹೇಳಿದ: "ಎಲ್ಲಿ ಕೂರ್ತೀರಿ? ಇವತ್ತು ಫುಲ್ಲು!"